ಅಟ್ಟದ ಮೇಲಿನ ಹರಟೆ
ಧಾರವಾಡದ ಸುಭಾಷ ರಸ್ತೆಯಲ್ಲಿ, ಪೇಟೆಯ ಗದ್ದಲದಿಂದ ಕೆಲವೇ ಮೆಟ್ಟಿಲುಗಳಷ್ಟು ಮೇಲಿರುವ, ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ‘ಅಟ್ಟ’ವನ್ನು ಏರಿ, ಒಟ್ಟಿದ ಪುಸ್ತಕಗಳ ನಡುವೆ ಚಹಾದ ಬಟ್ಟಲು ಹಿಡಿದು ಕುಳಿತಾಗಲೆಲ್ಲ, ಸಾಹಿತ್ಯವೇ ಬೇರೆ, ಸಂಗೀತವೇ ಬೇರೆ, ರಾಜಕಾರಣವೇ ಬೇರೆ ಎಂದು ನಾವು ವೃಥಾ ಎಬ್ಬಿಸಿಕೊಂಡಿರುವ ಗೋಡೆಗಳು ನನಗೆ ಹಾಸ್ಯಾಸ್ಪದವಾಗಿ ತೋರುತ್ತವೆ. 1933ರಲ್ಲಿ ಮಾಲೆಯನ್ನು ಆರಂಭಿಸಿದ ಜಿ. ಬಿ. ಜೋಶಿಯವರು ಪುಸ್ತಕ ವ್ಯಾಪಾರಕ್ಕಿಂತ ಹೆಚ್ಚಾಗಿ ಹರಟೆಯ ಕೃಷಿಯನ್ನೇ ಕೈಕೊಂಡರೇನೋ (ಇವೆರಡರಲ್ಲಿ ಭೇದವೆಣಿಸುವವರು ಧಾರವಾಡದಲ್ಲಿ ಅರಸಿಕರೆನಿಸುವರು). ಕೀರ್ತಿನಾಥ ಕುರ್ತಕೋಟಿಯವರ ನಿಶಿತ ವಿಮರ್ಶಾದೃಷ್ಟಿ ಆ ಹರಟೆಗೆ ಒದಗಿತು; ತರುಣ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕ 1961ರಲ್ಲಿ ಇಲ್ಲಿಂದಲೇ ಪ್ರಕಟವಾಯಿತು. ಆದರೆ ನನ್ನ ಮನಸ್ಸು ಪಕ್ಷಪಾತದಿಂದ ಒಲಿಯುವುದು, ಸ್ವತಃ ಜೋಶಿಯವರು ‘ಜಡಭರತ’ರಾಗಿ ರಚಿಸಿದ ‘ಸತ್ತವರ ನೆರಳು’ ನಾಟಕಕ್ಕೆ: ಮಠದ ಗಾದಿಯ ಕುಟಿಲ ರಾಜಕಾರಣವನ್ನು ಬಯಲಿಗೆಳೆಯುವ ಆ ಕೃತಿಗೆ ರಂಗನಿರ್ದೇಶಕ ಬಿ. ವಿ. ಕಾರಂತರು ಪುರಂದರದಾಸರ ಪದಗಳನ್ನು ಹೆಣೆದು ರಂಗಕ್ಕೆ ತಂದಾಗ, ಭಕ್ತಿಯ ಹಾಡೇ ಅಧಿಕಾರದಾಸೆಯನ್ನು ಇರಿಯುವ ಅಲಗಾಯಿತು. ಯಾವ ಸಭೆಯ ಯಾವ ಭಾಷಣವೂ ಅಷ್ಟು ಮಧುರವಾಗಿ ಅಷ್ಟು ಆಳಕ್ಕೆ ಇಳಿದುದನ್ನು ನಾನು ಕಾಣೆ. ಜೋಶಿಯವರ ತರುವಾಯ ಮಗ ರಮಾಕಾಂತ ಜೋಶಿಯವರು ಮಾಲೆಯನ್ನು ಮುನ್ನಡೆಸಿದರು; ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ವೂ 2011ರಲ್ಲಿ ಈ ಮಾಲೆಯಿಂದಲೇ ಹೊರಬಂದಿತು.