ಪತ್ರವ್ಯವಹಾರ ಕಳೆದುಕೊಳ್ಳುವ ಸುಲಭೋಪಾಯ

‘ಎಲ್ಲವನ್ನೂ ಒಂದೇ ಖಾತೆಗೆ ಫಾರ್ವರ್ಡ್ ಮಾಡಿಬಿಡಿ, ತಲೆನೋವು ತಪ್ಪುತ್ತದೆ.’ ಹೊರನಾಡಿನ ನಮ್ಮಂಥ ಸಾಹಿತ್ಯ ಬಳಗಗಳಲ್ಲಿ ಹೊಸ ಕಾರ್ಯದರ್ಶಿಗೆ ಸಿಗುವ ಮೊದಲ ಉಪದೇಶವಿದು. ಇದನ್ನು ನಾವು ಒಪ್ಪುವುದಿಲ್ಲ. ಆರು ವರ್ಷ ಹಾಗೆಯೇ ನಡೆಸಿ ಕೈ ಸುಟ್ಟುಕೊಂಡವರ ಮಾತೆಂದು ಓದುಗರು ಇದನ್ನು ಕೇಳಬೇಕು.

ಬಳಗಕ್ಕೆ ಮೂರು ಈಮೇಲ್ ಖಾತೆಗಳಿವೆ: ಲೇಖನಗಳಿಗೊಂದು, ಕಾರ್ಯಕ್ರಮಗಳಿಗೊಂದು, ಚಂದಾ ಮತ್ತು ಲೆಕ್ಕಪತ್ರಕ್ಕೊಂದು. ಮೂರರ ಪತ್ರಗಳೂ ಹಿಂದಿನ ಕಾರ್ಯದರ್ಶಿಯವರ ಸ್ವಂತ ಖಾತೆಗೆ ಹರಿದುಹೋಗುತ್ತಿದ್ದವು. ಅವರು ಮುಂಬಯಿಯಿಂದ ದೆಹಲಿಗೆ ವರ್ಗವಾದಾಗ ನಾವು ಬಳಗದ ಖಾತೆಗಳನ್ನು ತೆರೆದು ನೋಡಿದೆವು. ಬಂದ ಪತ್ರಗಳಿದ್ದವು, ನಾವು ಬರೆದ ಒಂದು ಉತ್ತರವೂ ಇರಲಿಲ್ಲ. ಅವರನ್ನು ದೂರುವಂತಿಲ್ಲ, ಫಾರ್ವರ್ಡಿನ ಸ್ವಭಾವವೇ ಅದು. ಪತ್ರ ಎಲ್ಲಿ ಬಂದು ಇಳಿಯುತ್ತದೋ ಉತ್ತರವೂ ಸಾಮಾನ್ಯವಾಗಿ ಅಲ್ಲಿಂದಲೇ ಹೊರಡುತ್ತದೆ, ಅದರ ಪ್ರತಿಯೂ ಅಲ್ಲಿಯೇ ಉಳಿಯುತ್ತದೆ. ಹಿರಿಯ ಲೇಖಕಿಯೊಬ್ಬರ ಕಾದಂಬರಿಯ ಹಸ್ತಪ್ರತಿಯನ್ನು ಕುರಿತು ವರ್ಷವಿಡೀ ಪತ್ರಗಳು ಓಡಾಡಿದ್ದವು. ಅವರ ಪ್ರಶ್ನೆಗಳು ನಮ್ಮಲ್ಲಿವೆ. ನಮ್ಮ ಸಂಪಾದಕರು ಹೇಳಿ ಬರೆಸಿದ ಉತ್ತರಗಳು ದೆಹಲಿಯಲ್ಲಿ ಒಬ್ಬರ ಸ್ವಂತ ಖಾತೆಯೊಳಗೆ, ಅವರ ಮನೆಯ ವಿದ್ಯುತ್ ಬಿಲ್ಲುಗಳ ನಡುವೆ ಕುಳಿತಿವೆ. ಆ ಸಂಪಾದಕರು ಇಂದು ನಮ್ಮೊಂದಿಗಿಲ್ಲ.

ಖಾತೆಗಳನ್ನು ಬೆರೆಸದೆ ಒಂದೇ ಮೇಜಿನ ಮೇಲೆ ಇಡಲು ಬರುತ್ತದೆ. ಮೊಜಿಲ್ಲಾದ ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ 2004ರಲ್ಲೇ ಬಂದಿತ್ತು. ಅದರೊಳಗೆ ಮೂರೂ ಖಾತೆಗಳನ್ನು ಐಮ್ಯಾಪ್ ವಿಧಾನದಲ್ಲಿ ಸೇರಿಸಬೇಕು. ಪಾಪ್ ಬೇಡ. ಪಾಪ್ ಪತ್ರವನ್ನು ಒಂದು ಯಂತ್ರಕ್ಕೆ ಇಳಿಸಿಕೊಳ್ಳುತ್ತದೆ, ನಾವು ಓದಿದ್ದು, ವಿಂಗಡಿಸಿದ್ದು ಯಾವುದೂ ಸರ್ವರಿಗೆ ತಿಳಿಯುವುದಿಲ್ಲ. ಐಮ್ಯಾಪಿನಲ್ಲಿ ಉತ್ತರದ ಪ್ರತಿ ಆಯಾ ಖಾತೆಯ ‘ಸೆಂಟ್’ ಫೋಲ್ಡರಿನಲ್ಲಿ, ಸರ್ವರಿನಲ್ಲಿಯೇ ಉಳಿಯುತ್ತದೆ. ನಾಳೆ ಬರುವ ಕಾರ್ಯದರ್ಶಿ ಪುಣೆಯಲ್ಲಿ ಕುಳಿತೂ ಅದನ್ನು ಓದಬಹುದು. ಮೂರೂ ಇನ್‌ಬಾಕ್ಸುಗಳನ್ನು ಒಟ್ಟಾಗಿ ತೋರಿಸುವ ನೋಟವೂ ಅದರಲ್ಲಿದೆ. ಅದು ತೋರಿಕೆಯಷ್ಟೇ, ಪತ್ರಗಳು ತಮ್ಮ ತಮ್ಮ ಮನೆಯಲ್ಲೇ ಇರುತ್ತವೆ. ಹೊಸ ಪತ್ರ ಬರೆಯುವಾಗ ಮಾತ್ರ ಕಳುಹಿಸುವವರ ವಿಳಾಸದ ಸಾಲನ್ನು ತಪ್ಪದೆ ನೋಡಬೇಕು. ಒಮ್ಮೆ ಚಂದಾ ಬಾಕಿಯ ನೆನಪೋಲೆ ಲೇಖನಗಳ ವಿಳಾಸದಿಂದ ಹೋಗಿ, ಕವನ ಅಚ್ಚು ಹಾಕಲು ನಾವು ದುಡ್ಡು ಕೇಳುತ್ತಿದ್ದೇವೆಂದು ಕವಿಯೊಬ್ಬರು ಕೆರಳಿದ್ದರು.

‘ಎಲ್ಲ ಮೊಬೈಲಿನಲ್ಲೇ ಇದೆಯಲ್ಲ’ ಎನ್ನುವವರಿದ್ದಾರೆ. ಇರುವುದು ಮೊಬೈಲಿನಲ್ಲಲ್ಲ, ಕಂಪನಿಯ ಸರ್ವರಿನಲ್ಲಿ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ಸಾರಿತು. ಬೆಳ್ಳಿಹಬ್ಬದ ಸಂಚಿಕೆಗೆಂದು ತೆರೆದು ಮರೆತ ಖಾತೆ ಎಷ್ಟು ಸಂಘಗಳಲ್ಲಿಲ್ಲ? ಐಮ್ಯಾಪ್ ಒಂದೇ ರಕ್ಷೆಯೆಂದು ನಂಬುವುದೂ ತಪ್ಪು, ಸರ್ವರಿನಲ್ಲಿ ಅಳಿದದ್ದು ನಮ್ಮ ಯಂತ್ರದಲ್ಲೂ ಅಳಿಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆ ಪತ್ರಗಳನ್ನು ಥಂಡರ್‌ಬರ್ಡಿನ ‘ಲೋಕಲ್ ಫೋಲ್ಡರ್ಸ್’ಗೆ ನಕಲಿಸಿ, ಆ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಡಬೇಕು. (ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಬಂದ ಹಳೆಯ ಕನ್ನಡ ಪತ್ರಗಳು ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಅವುಗಳ ಗೋಳು ಬೇರೆ, ಆದರೆ ಇದ್ದರೆ ತಾನೇ ಪರಿವರ್ತಿಸುವುದು?)

ಇನ್ನೊಂದು ಆಕ್ಷೇಪ ನಿಜಕ್ಕೂ ತೂಕದ್ದು: ಲ್ಯಾಪ್‌ಟಾಪ್ ಒಂದು ಕಳೆದರೆ ಮೂರು ಖಾತೆಗಳೂ ಬಯಲಾಗುತ್ತವೆ. ಹೌದು. ಅದಕ್ಕೇ ತಂತ್ರಾಂಶಕ್ಕೂ ಯಂತ್ರಕ್ಕೂ ಪಾಸ್‌ವರ್ಡ್ ಹಾಕಬೇಕು, ಡಿಸ್ಕನ್ನು ಗೂಢಲಿಪೀಕರಿಸಬೇಕು. ಆದರೆ ನಮ್ಮನ್ನು ಕಾಡಿದ್ದು ಕಳ್ಳರಲ್ಲ. ಲೆಕ್ಕಪತ್ರದ ಖಾತೆಯ ದೃಢೀಕರಣ ಸಂಖ್ಯೆ ಇಂದಿಗೂ ಹಿಂದಿನ ಖಜಾಂಚಿಯವರ ಫೋನಿಗೇ ಹೋಗುತ್ತದೆ. ಪ್ರತಿ ಬಾರಿಯೂ ಅವರನ್ನು ಎಬ್ಬಿಸಿ ಕೇಳಬೇಕು. ಅಧಿಕಾರ ಹಸ್ತಾಂತರದ ದಿನ ಹಾರ ಬದಲಾಯಿಸುತ್ತೇವೆ, ಫೋನ್ ಸಂಖ್ಯೆ ಬದಲಾಯಿಸುವುದಿಲ್ಲ.

ದೆಹಲಿಯ ಮಿತ್ರರು ಬಿಡುವಾದಾಗಲೆಲ್ಲ ಹುಡುಕಿ ಒಂದೊಂದೇ ಉತ್ತರವನ್ನು ಕಳುಹಿಸುತ್ತಿದ್ದಾರೆ. ಈವರೆಗೆ ಹನ್ನೊಂದು ಬಂದಿವೆ. ನಾಲ್ಕನೆಯ ಅಧ್ಯಾಯವನ್ನು ಕೈಬಿಡಲೇ ಎಂದು ಲೇಖಕಿ ಕೇಳಿದ್ದಕ್ಕೆ ನಮ್ಮ ಸಂಪಾದಕರು ಏನು ಹೇಳಿದ್ದರೋ, ಆ ಪತ್ರ ಇನ್ನೂ ಸಿಕ್ಕಿಲ್ಲ.