ಹಳೇ ಜೀಪಿಗೆ ಬೇರೆ ಇಂಜಿನ್ ಹಾಕಿಸಬೇಕೆ?

ಪೇಟೆಯವರು ಎಸ್‌ಯುವಿ ಎಂದು ಕರೆಯುವ ಗಾಡಿಗೆ ನಮ್ಮ ಹಳ್ಳಿಗಳಲ್ಲಿ ಇರುವ ಹೆಸರು ಒಂದೇ: ಜೀಪು. ಕಮಾಂಡರ್ ಆದರೂ ಜೀಪು, ಅರ್ಮಾಡ ಆದರೂ ಜೀಪು, ಸುಮೋ, ಬೊಲೆರೊ ಬಂದ ಮೇಲೂ ಜೀಪೇ. ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಕಡೆಯ ಮಾವಿನ ತೋಟದ ಮನೆಯೊಂದರಲ್ಲಿ ಇಂಥ ಇಪ್ಪತ್ತೈದು ವರ್ಷದ ಗಾಡಿಯೊಂದು ಇದೆ ಎಂದಿಟ್ಟುಕೊಳ್ಳಿ. ಔಷಧಿ ಡ್ರಮ್ಮು, ಡ್ರಿಪ್ ಪೈಪು, ನೆಂಟರಿಷ್ಟರು ಎಲ್ಲವನ್ನೂ ಹೊತ್ತು ಸವೆದ ಗಾಡಿ. ಒಂದು ದಿನ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾನೆ: "ಅಣ್ಣಾ, ಇಂಜಿನ್ ಆಯಸ್ಸು ಮುಗೀತು. ಇದಕ್ಕೆ ದುಡ್ಡು ಸುರಿಯೋ ಬದಲು ಬೇರೆ ಇಂಜಿನ್ ಕೂರಿಸಿಬಿಡೋಣ."

ಈ ಮಾತಿಗೆ ಯಜಮಾನ ಏನು ಉತ್ತರ ಕೊಡಬೇಕು? ಈ ವಾರ ಅದನ್ನೇ ಲೆಕ್ಕ ಹಾಕಿ ನೋಡೋಣ.

ಮೊದಲಿಗೆ ಒಂದು ಮಾತು. ಬೇರೆ ಇಂಜಿನ್ ಹಾಕುವ ಯೋಚನೆ ತಲೆಕೆಟ್ಟವರದಲ್ಲ. ನಮ್ಮ ಜೀಪಿನ ಚರಿತ್ರೆಯೇ ಇಂಜಿನ್ ಬದಲಾವಣೆಯ ಚರಿತ್ರೆ. ಅಮೆರಿಕದ ವಿಲ್ಲಿಸ್ ಕಂಪನಿಯ ನಕ್ಷೆಯಂತೆ ಮಹೀಂದ್ರದವರು ಕಟ್ಟುತ್ತಿದ್ದ ಜೀಪಿನಲ್ಲಿ ಇದ್ದದ್ದು ಸುಮಾರು 2.2 ಲೀಟರಿನ ಹರಿಕೇನ್ ಪೆಟ್ರೋಲ್ ಇಂಜಿನ್. ಶಕ್ತಿ ಸಾಕಷ್ಟಿತ್ತು, ಹೊಟ್ಟೆಬಾಕತನ ಅದಕ್ಕಿಂತ ಹೆಚ್ಚಿತ್ತು. ಮುಂದೆ ಕಂಪನಿಯೇ ತನ್ನ ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ನನ್ನು ಜೀಪಿಗೆ ಕೂರಿಸಿತು. 1979ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಡೀಸೆಲ್ ಇಂಜಿನ್ ತಯಾರಿಸುವ ಪರವಾನಗಿ ಪಡೆಯಿತು. ಎಂಎಂ 540 ಜೀಪಿನ ಹೊಟ್ಟೆಯಲ್ಲಿ ಇದ್ದದ್ದು ಆ 2112 ಸಿಸಿಯ ಇಂಜಿನ್ನೇ.

ಕಂಪನಿ ಮಾಡಿದ್ದನ್ನು ನೋಡಿ ಊರಿನ ಮೆಕ್ಯಾನಿಕ್‌ಗಳೂ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಇಂಜಿನ್ ಹಾಕತೊಡಗಿದರು. ಆ ಕಾಲಕ್ಕೆ ಅದು ಬುದ್ಧಿವಂತರ ಕೆಲಸ. ಡೀಸೆಲ್ ಬೆಲೆಯನ್ನು ಸರ್ಕಾರ ಹಿಡಿದಿಟ್ಟಿದ್ದರಿಂದ ಪೆಟ್ರೋಲಿಗೂ ಡೀಸೆಲಿಗೂ ಅಜಗಜಾಂತರವಿತ್ತು. 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಮೇಲಿನ ಹಿಡಿತ ಬಿಟ್ಟಿತು. ಅಂತರ ಈಗ ತೀರಾ ಕಿರಿದಾಗಿದೆ. ಮೆಕ್ಯಾನಿಕ್ ಹೇಳುವ ಸಲಹೆ ಹಳೆಯದು, ಲೆಕ್ಕ ಮಾತ್ರ ಹೊಸದು. ಎಡವಟ್ಟಾಗುವುದು ಇಲ್ಲಿಯೇ.

ನಿಜವಾಗಿ ಸತ್ತಿದೆಯೇ?

ಇಂಜಿನ್ ಸತ್ತಿದೆ ಎನ್ನುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ನಾಡಿ ಹಿಡಿದು ನೋಡಿದ್ದೀರಾ ಎಂದು. ಹೊಗೆಯ ಬಣ್ಣ ಅರ್ಧ ಕತೆ ಹೇಳುತ್ತದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ ಎಂದರ್ಥ. ಏರ್ ಫಿಲ್ಟರ್, ನಾಜಲ್, ಪಂಪು ನೋಡಿಸಿದರೆ ಎಷ್ಟೋ ವೇಳೆ ಗಾಡಿ ಸುಧಾರಿಸುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿ ಬಿಳಿ ಹೊಗೆ ಬಿಟ್ಟರೆ ಹೀಟರ್ ಪ್ಲಗ್ಗುಗಳನ್ನು ಮೊದಲು ಪರೀಕ್ಷಿಸಿ. ಹಳೆಯ ಪ್ಯೂಜೊ ಇಂಜಿನ್ನಿಗೆ ಅವು ಬೇಕೇ ಬೇಕು. ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಅಂದರೆ ರಿಂಗ್, ಲೈನರ್ ಅಥವಾ ವಾಲ್ವಿನ ದೋಷ.

ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಬುಸುಬುಸು ಹೊಗೆ ಒಂದೇ ಸಮನೆ ಬಂದರೆ ರಿಂಗುಗಳು ಸವೆದಿವೆ. ಆಮೇಲೆ ಕಂಪ್ರೆಶನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ಅಳೆಯಿಸಿ. ಒಂದರಲ್ಲಿ ಮಾತ್ರ ಕಡಿಮೆ ಇದ್ದರೆ ಹೆಡ್ ಬಿಚ್ಚಿ ವಾಲ್ವ್ ಸರಿಪಡಿಸಿದರೆ ಮುಗಿಯಬಹುದು. ನಾಲ್ಕರಲ್ಲೂ ಕಡಿಮೆ ಇದ್ದರೆ ಇಂಜಿನ್ ಪೂರ್ತಿ ಬಿಚ್ಚದೆ ದಾರಿಯಿಲ್ಲ.

ಅದರ ಜೊತೆಗೆ, ಇಂಜಿನ್ ಹಾಳಾದದ್ದು ಯಾಕೆ ಎಂದೂ ತಿಳಿಯಬೇಕು. ನಮ್ಮ ಬಯಲುಸೀಮೆಯ ಧೂಳು ಏರ್ ಫಿಲ್ಟರ್ ದಾಟಿದರೆ ರಿಂಗುಗಳನ್ನು ಅರದಂತೆ ಉಜ್ಜುತ್ತದೆ. ಬೋರ್‌ವೆಲ್ಲಿನ ಗಡಸು ನೀರನ್ನೇ ರೇಡಿಯೇಟರಿಗೆ ಸುರಿಯುತ್ತಾ ಬಂದರೆ ಒಳಗೆ ಬಿಳಿ ಪದರ ಕಟ್ಟಿ ಇಂಜಿನ್ ಕಾಯುತ್ತದೆ. ಹಳೆಯ ಇಂಜಿನ್ನನ್ನು ಕೊಂದ ಕಾರಣ ಹಾಗೇ ಉಳಿದರೆ ಹೊಸದನ್ನೂ ಕೊಲ್ಲುತ್ತದೆ.

ಕಾಸಿನ ಲೆಕ್ಕ

"ಹೊಸ ಇಂಜಿನ್ ಹಾಕಿದರೆ ಮೈಲೇಜ್ ಬರುತ್ತೆ, ಖರ್ಚು ತಾನಾಗಿ ತೀರುತ್ತೆ" ಎನ್ನುವವರಿದ್ದಾರೆ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಗಾಡಿ ತಿಂಗಳಿಗೆ 500 ಕಿ.ಮೀ., ವರ್ಷಕ್ಕೆ 6,000 ಕಿ.ಮೀ. ಓಡುತ್ತದೆ. ಈಗ ಲೀಟರಿಗೆ 10 ಕಿ.ಮೀ. ಕೊಡುತ್ತಿದೆ, ಬದಲಾಯಿಸಿದ ಮೇಲೆ 13 ಕೊಡುತ್ತದೆ ಎನ್ನಿ. 600 ಲೀಟರ್ ಬೇಕಾದ ಕಡೆ ಸುಮಾರು 462 ಲೀಟರ್ ಸಾಕು. ಉಳಿದದ್ದು 138 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ವರ್ಷಕ್ಕೆ ಹನ್ನೆರಡು ಸಾವಿರದ ಚಿಲ್ಲರೆ. ಇಂಜಿನ್ನಿಗೂ ಕೆಲಸಕ್ಕೂ ಸೇರಿ ಒಂದೂವರೆ ಲಕ್ಷ ಕೈಬಿಟ್ಟಿತು ಎಂದರೆ ಅದು ವಾಪಸು ಬರಲು ಹನ್ನೆರಡು ವರ್ಷ! ಅಷ್ಟು ಹೊತ್ತಿಗೆ ಚಾಸಿಸ್ ಇರುತ್ತದೆಯೇ?

ದಿನಾ ನೂರು ಕಿ.ಮೀ. ಓಡುವ ಗಾಡಿಗೆ ಲೆಕ್ಕ ಬೇರೆ. ತೋಟಕ್ಕೂ ಮಂಡಿಗೂ ಓಡಾಡುವ ಗಾಡಿಗೆ ಮಾತ್ರ ಇಂಧನದ ಉಳಿತಾಯ ಎಂಬ ಕಾರಣ ನಿಲ್ಲುವುದಿಲ್ಲ.

ಖರ್ಚಾದರೂ ಇಂಜಿನ್ನಿಗೇ ಮುಗಿಯುತ್ತದೆಯೇ? ಬೇರೆ ಜಾತಿಯ ಇಂಜಿನ್ ಆದರೆ ಗೇರ್‌ಬಾಕ್ಸಿಗೆ ಜೋಡಿಸಲು ಲೇತಿನಲ್ಲಿ ಪ್ಲೇಟ್ ಮಾಡಿಸಬೇಕು. ಅದು ಕೂದಲೆಳೆಯಷ್ಟು ಓರೆಯಾದರೂ ಕ್ಲಚ್ಚು, ಬೇರಿಂಗು ಪದೇ ಪದೇ ಹೋಗುತ್ತವೆ. ಮೌಂಟಿಂಗ್, ರೇಡಿಯೇಟರ್, ಸೈಲೆನ್ಸರ್ ಪೈಪು ಎಲ್ಲವೂ ಬದಲಾಗಬೇಕು. ಈಗಿನ ಕಾಮನ್ ರೈಲ್ ಇಂಜಿನ್ ಆದರೆ ಅದರ ಕಂಪ್ಯೂಟರ್, ಸೆನ್ಸರ್, ವೈರಿಂಗ್ ಸಮೇತ ಬರಬೇಕು. ಕೆಟ್ಟರೆ ಹಳ್ಳಿಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಪ್ರಯೋಜನವಿಲ್ಲ. ಇನ್ನು ಶಕ್ತಿ ಹೆಚ್ಚಾದ ಗಾಡಿಯನ್ನು ನಿಲ್ಲಿಸಬೇಕಾದದ್ದು ಅದೇ ಹಳೆಯ ಡ್ರಮ್ ಬ್ರೇಕು. ಮೂಗಿಗಿಂತ ಮೂಗುತಿ ಭಾರ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಕಾಗದಪತ್ರದ ಗಂಟು

ಮೆಕ್ಯಾನಿಕ್ ಹೇಳದೆ ಬಿಡುವ ವಿಷಯ ಇದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಭಿನ್ನವಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ಇಟ್ಟಿದೆ.

ಅದೇ ಕಂಪನಿಯ, ಅದೇ ಮಾದರಿಯ ಇಂಜಿನ್ ಹಾಕುವುದಾದರೆ ದಾರಿ ಇದೆ. ಕೋಲಾರದ ಆರ್‌ಟಿಓ ಕಚೇರಿಯಲ್ಲಿ ಮುಂಚೆಯೇ ಅನುಮತಿ ಕೇಳಿ, ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ಬೆಂಗಳೂರಿನ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬಿಲ್ಲಿಲ್ಲದ ಇಂಜಿನ್ ತಂದರೆ ಅದು ಯಾರ ಗಾಡಿಯದೋ, ಹೇಗೆ ಬಂತೋ ಎಂಬ ತಲೆನೋವು ನಿಮ್ಮದಾಗುತ್ತದೆ. ಅಪಘಾತವಾದ ದಿನ ನಂಬರ್ ತಾಳೆಯಾಗದಿದ್ದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ನೀವೇ ಕಾರಣ ಕೊಟ್ಟಂತೆ. ಆ ಹೊರೆ ಬಿದ್ದರೆ ತೋಟವೇ ಕರಗಬಹುದು.

ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕೆಂಬುದೂ ನೆನಪಿರಲಿ. ಇಂಥ ಲಘು ವಾಹನಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಗಾಡಿಗೆ ಅದಕ್ಕೂ ಹೆಚ್ಚು. ತಪಾಸಣೆಗೆ ಗಾಡಿ ನಿಲ್ಲಿಸಿದಾಗ ಇನ್‌ಸ್ಪೆಕ್ಟರ್ ನೋಡುವುದು ಚಾಸಿಸ್ ನಂಬರ್, ಇಂಜಿನ್ ನಂಬರ್ ಎರಡನ್ನೂ.

ಹಾಗಾದರೆ ಏನು ಮಾಡುವುದು?

ಚಾಸಿಸ್ ತುಕ್ಕು ಹಿಡಿದಿದ್ದರೆ, ಬಾಡಿಯ ನೆಲ ಕಿತ್ತುಹೋಗಿದ್ದರೆ ಇಂಜಿನ್ ಮಾತೇ ಬೇಡ. ಬಂದಷ್ಟಕ್ಕೆ ಕೊಟ್ಟುಬಿಡಿ. ಚಾಸಿಸ್ ಗಟ್ಟಿ ಇದ್ದು ಇಂಜಿನ್ ಮಾತ್ರ ಸವೆದಿದ್ದರೆ, ಇರುವ ಬ್ಲಾಕನ್ನೇ ಇಟ್ಟುಕೊಂಡು ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಬದಲಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಪಂಪು ಮತ್ತು ನಾಜಲ್ ಸರಿಮಾಡಿಸಿ. ಬ್ಲಾಕ್ ಉಳಿದರೆ ನಂಬರ್ ಉಳಿಯಿತು, ನಂಬರ್ ಉಳಿದರೆ ಆರ್‌ಟಿಓ ಅಲೆದಾಟ ತಪ್ಪಿತು. ಬ್ಲಾಕೇ ಬಿರುಕು ಬಿಟ್ಟಿದ್ದರೆ, ಕ್ರ್ಯಾಂಕ್ ಮುರಿದಿದ್ದರೆ ಮಾತ್ರ ಅದೇ ಮಾದರಿಯ ಇಂಜಿನ್ನನ್ನು ಬಿಲ್ಲು, ಅನುಮತಿ ಸಮೇತ ಹಾಕಿಸಿ. ಬೇರೆ ಜಾತಿಯ ಇಂಜಿನ್ನು ಶೋಕಿಗೂ ಬೇಡ.

ಇಷ್ಟು ಜುಗ್ಗತನ ಯಾಕೆ ಎನ್ನಬೇಡಿ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ನೆಲಕಚ್ಚಿದಾಗ, ಗಡಿಯಾಚೆಯ ಚಿತ್ತೂರು ಜಿಲ್ಲೆ ಹೊರರಾಜ್ಯದ ತೋತಾಪುರಿ ಬರಬಾರದೆಂದಾಗ, ಶ್ರೀನಿವಾಸಪುರದ ಬೆಳೆಗಾರರ ಪಾಡು ಏನಾಯಿತೆಂದು ಎಲ್ಲರೂ ನೋಡಿದ್ದೇವೆ. ಅಂಥ ವರ್ಷದಲ್ಲಿ ಒಂದೂವರೆ ಲಕ್ಷ ಎಂದರೆ ಮಕ್ಕಳ ಕಾಲೇಜು ಫೀಸು, ಇಲ್ಲವೇ ಮುಂದಿನ ಬೆಳೆಯ ಗೊಬ್ಬರ, ಔಷಧಿ. ಅದನ್ನು ಬಾನೆಟ್ಟಿನ ಕೆಳಗೆ ಹೂಳುವ ಮುನ್ನ ಮೆಕ್ಯಾನಿಕ್‌ಗೆ ಹೇಳಿ: "ಮೊದಲು ಗೇಜ್ ಹಾಕಪ್ಪಾ, ಆಮೇಲೆ ಮಾತಾಡೋಣ."