ರೂಡ್ ಎಂಬ ವಿಶೇಷಣ ಯಾರಿಗೆ ಸಲ್ಲಬೇಕು?

ಮಿರಜೆಯಿಂದ ಪಂಢರಪುರದ ಕಡೆಗೆ ಹೊರಟ ರೈಲು ಹಾದುಹೋಗುವ ಆರಗದಂಥ ಊರುಗಳಲ್ಲಿ, ಮನೆಯೊಳಗೆ ಕನ್ನಡವನ್ನೂ ಪೇಟೆ ಕಚೇರಿಗಳಲ್ಲಿ ಮರಾಠಿಯನ್ನೂ ಆಡುತ್ತ, ಬೇಕಾದಾಗ ಎರಡನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿಕೊಳ್ಳುತ್ತ ತಲೆಮಾರುಗಳಿಂದ ಬಾಳಿಬಂದಿರುವ ಜನರನ್ನು ಕುರಿತು, ಈಚೆಗೆ ಮೂರನೆಯ ಭಾಷೆಯೊಂದರ ವಿಶೇಷಣವು ಎರಡು ದಿಕ್ಕುಗಳಿಂದಲೂ ಕೇಳಿಬರುತ್ತಿದೆ. ಬೆಂಗಳೂರು ಮೈಸೂರುಗಳಿಂದ ಬಂದವರು ಇವರ ಕನ್ನಡವನ್ನು ಕೇಳಿ ‘ಬಹಳ ರೂಡ್’ ಎನ್ನುವರು. ಪುಣೆಯಲ್ಲಿ ಓದಿ ಬಂದವರು ಇವರ ಮರಾಠಿಯನ್ನು ಕೇಳಿ ಅದನ್ನೇ ಅನ್ನುವರು. ಆ ಮಾತು ಇಂಗ್ಲಿಷಿನದೆಂಬ ಕಾರಣಕ್ಕೆ ನನ್ನ ತಕರಾರಿಲ್ಲ; ಬಸ್ಸು, ಪೆನ್ನುಗಳಂತೆ ಅದೂ ನಮ್ಮದಾಗಿಹೋಗಿದೆ. ಆದರೆ ಅದನ್ನು ಅಂಟಿಸಬೇಕಾದಲ್ಲಿ ಅಂಟಿಸದೆ, ಅಂಟಿಸಬಾರದ ಕಡೆ ಅಂಟಿಸುತ್ತಿದ್ದೇವೆ ಎಂಬುದನ್ನು ಹೇಳದೆ ಇರಲಾಗದು.

ಆಪಾದನೆಗೆ ಆಧಾರವೇನೆಂದು ಕೇಳಿದರೆ, ಬಹುಮಟ್ಟಿಗೆ ಏಕವಚನವೊಂದೇ. ಗುರುತು ಪರಿಚಯವಿಲ್ಲದವನು ಬಾಗಿಲಿಗೆ ಬಂದರೂ ಇಲ್ಲಿಯ ಮುದುಕಿ ‘ಯಾವಾಗ ಬಂದಿಪಾ, ಕುಂದ್ರು, ಚಾ ಕುಡದ ಹೋಗು’ ಎನ್ನುವಳು. ‘ತಾವು ದಯಮಾಡಿಸಬೇಕು’ ಎಂಬುದು ಅವಳ ಬಾಯಿಯ ಮಾತಲ್ಲ. ಆದರೆ ಒಲೆಯ ಮೇಲೆ ಚಹದ ನೀರು ಆಗಲೇ ಕುದಿಯುತ್ತಿರುತ್ತದೆ. ಗೌರವಕ್ಕೆ ಇಲ್ಲಿ ಬೇರೆ ಉಪಾಯಗಳಿವೆ: ‘ಕಾಕಾ’, ‘ಮಾಮಾ’, ‘ಅಕ್ಕಾ’, ‘ವೈನಿ’ ಎಂದು ಕರೆದು ಅನ್ಯನನ್ನು ಕ್ಷಣಾರ್ಧದಲ್ಲಿ ಬಂಧುವಾಗಿಸಿಕೊಳ್ಳುವುದು ಒಂದು, ಸಂಕೋಚ ಬೇಕಾದೆಡೆ ‘ಬರ್ರಿ’, ‘ಹೌದ್ರಿ’ ಎಂದು ಮಾತಿನ ತುದಿಗೆ ಒಂದು ‘ರಿ’ಕಾರವನ್ನು ತೊಡಿಸುವುದು ಇನ್ನೊಂದು. ಇದೇ ‘ರಿ’ಕಾರವು ತೆಂಕಣ ಸೀಮೆಯಲ್ಲಿ ‘ಏನ್ರೀ ಇದು?’ ಎಂಬ ಜಗಳದ ಮೊದಲ ಸೊಲ್ಲಾಗುವುದನ್ನು ನೆನೆದರೆ, ಒಂದು ಸೀಮೆಯ ವಿನಯದ ಅಳತೆಗೋಲಿನಿಂದ ಇನ್ನೊಂದು ಸೀಮೆಯ ನಾಲಗೆಯನ್ನು ಅಳೆಯುವ ಕಷ್ಟವು ತಿಳಿದೀತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡವೆಂದು ಕರೆದ ಕವಿರಾಜಮಾರ್ಗಕಾರನು, ಓದುಬರಹ ಅರಿಯದವರಿಗೂ ಮಾತಿನ ಹದ ಬಲ್ಲವರೆಂಬ ಪ್ರಶಂಸೆಯನ್ನು ಸಲ್ಲಿಸಿದಾಗ, ಆ ಎಲ್ಲೆಯೊಳಗೆ ಕೃಷ್ಣೆಯ ಈ ಬಯಲೂ ಸೇರಿತ್ತು.

ಪಂಢರಪುರದ ಹಾದಿಯಲ್ಲಿರುವ ಜನಕ್ಕೆ ಏಕವಚನವು ಅಪರಾಧವಾಗಿ ತೋರದಿರುವುದರಲ್ಲಿ ಆಶ್ಚರ್ಯವೂ ಇಲ್ಲ. ಜ್ಞಾನೇಶ್ವರರು ಕಾನಡಿಗನೆಂದು ಕರೆದ ಆ ವಿಠ್ಠಲನನ್ನು ವಾರಕರಿಗಳು ‘ತೂ’ ಎಂದೇ ಕೂಗುವರು. ಕೂಡಲಸಂಗಮನೊಡನೆ ಬಸವಣ್ಣನವರು ‘ನೀನು’ ಎಂದೇ ಮಾತಾಡಿದರು. ಮರಾಠಿ ಮನೆಗಳಲ್ಲಿಯೂ ತಾಯಿಗೆ ‘ತೂ’ ಎನ್ನುವುದೇ ರೂಢಿ. ದೇವರಿಗೂ ತಾಯಿಗೂ ಸಂದ ಸರ್ವನಾಮವು ಬ್ಯಾಂಕಿನ ಅಧಿಕಾರಿಗೆ ಮಾತ್ರ ಅವಮಾನಕರವಾಗುವುದು ವಿಚಿತ್ರವಲ್ಲವೆ?

ಈ ವಿಚಾರದಲ್ಲಿ ಇಂಗ್ಲಿಷಿನ ಇತಿಹಾಸವೇ ಒಂದು ವಿನೋದ. ಆ ಭಾಷೆಯಲ್ಲಿಯೂ ಒಂದು ಕಾಲಕ್ಕೆ ‘ದೌ’ ಎಂಬ ಏಕವಚನವೂ ‘ಯೂ’ ಎಂಬ ಬಹುವಚನವೂ ಪ್ರತ್ಯೇಕವಾಗಿದ್ದು, ಮೇಲಿನವರಿಗೆ ‘ಯೂ’ ಎನ್ನುವುದು ಮರ್ಯಾದೆಯಾಗಿತ್ತು. 17ನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸನ ಅನುಯಾಯಿಗಳಾದ ಕ್ವೇಕರ್ ಪಂಥದವರು, ಮನುಷ್ಯರೆಲ್ಲರೂ ಸಮಾನರೆಂಬ ನಿಷ್ಠೆಯಿಂದ ನ್ಯಾಯಾಧಿಪತಿಯನ್ನೂ ‘ದೌ’ ಎಂದೇ ಸಂಬೋಧಿಸಿ, ತಲೆಯ ಮೇಲಿನ ಟೋಪಿಯನ್ನು ತೆಗೆಯದೆ ನಿಂತು, ಉದ್ಧಟರೆನ್ನಿಸಿಕೊಂಡು ಏಟು ತಿಂದರು, ಸೆರೆಮನೆಯನ್ನೂ ಕಂಡರು. ಕಾಲಕ್ರಮದಲ್ಲಿ ಆಡುಮಾತಿನ ಇಂಗ್ಲಿಷು ‘ದೌ’ವನ್ನು ಕಳೆದುಕೊಂಡು, ಅರಸನಿಗೂ ಆಳಿಗೂ ನಾಯಿಗೂ ಒಂದೇ ‘ಯೂ’ ಉಳಿಯಿತು. ನೀನು-ನೀವುಗಳ ಭೇದವನ್ನೇ ಮರೆತ ಭಾಷೆಯಿಂದ ಒಂದು ಶಬ್ದವನ್ನು ತರಿಸಿಕೊಂಡು, ಅದರಿಂದ ನಮ್ಮ ‘ನೀ’ಕಾರಕ್ಕೆ ಶಿಕ್ಷೆ ವಿಧಿಸುತ್ತಿರುವ ನಮ್ಮನ್ನು ಕಂಡು ಫಾಕ್ಸನು ನಗುತ್ತಿದ್ದನೋ ಅಳುತ್ತಿದ್ದನೋ! ಲ್ಯಾಟಿನ್ ಮೂಲದಲ್ಲಿ ಆ ‘ರೂಡ್’ ಶಬ್ದಕ್ಕೆ ಹದಗೊಳ್ಳದ, ಕಚ್ಚಾ ಎಂಬಷ್ಟೇ ಅರ್ಥವಿದ್ದಿತು. ಇಂದಿನ ಇಂಗ್ಲಿಷಿನಲ್ಲಿ, ಎದುರಿಗಿರುವವನ ಮಾನವನ್ನು ಲೆಕ್ಕಿಸದೆ ನಡೆದುಕೊಳ್ಳುವುದೆಂಬ ಅರ್ಥವೇ ಪ್ರಧಾನ. ಒರಟುತನವು ಮೊದಲನೆಯದು, ಔದ್ಧತ್ಯವು ಎರಡನೆಯದು. ನಾವು ಮೊದಲನೆಯದನ್ನು ಕಂಡು ಎರಡನೆಯದರ ತೀರ್ಪನ್ನು ಕೊಡುತ್ತೇವೆ.

ಕೆಲವು ತಿಂಗಳ ಹಿಂದೆ, ಮಿರಜೆಯ ಬ್ಯಾಂಕೊಂದರಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ಕಂಡುದನ್ನು ಹೇಳುವೆನು. ಆರಗದಾಚೆಯ ವಸ್ತಿಯಿಂದ ವಡಾಪ್ ಜೀಪು ಹಿಡಿದು ಬಂದ ಮುದುಕಿಯೊಬ್ಬಳು, ಸಂಜಯ ಗಾಂಧಿ ನಿರಾಧಾರ ಯೋಜನೆಯ ಹಣ, ಅವಳ ಮಾತಿನಲ್ಲಿ ‘ಪಗಾರ’, ಬಂದಿದೆಯೇ ಎಂದು ತಿಳಿಯಲು, ಕ್ಯಾರಿಬ್ಯಾಗಿನಲ್ಲಿ ಸುತ್ತಿಟ್ಟ ಪಾಸ್‌ಬುಕ್ಕನ್ನು ಕಿಂಡಿಯೊಳಗೆ ಚಾಚಿ, ‘ತಮ್ಮಾ, ನನ್ನ ಪಗಾರ ಬಂದೈತೇನ ನೋಡೋ, ಪುಣ್ಯಾ ಬರ್ತೈತಿ ನಿನಗ’ ಎಂದಳು. ಕನ್ನಡ ಬಲ್ಲ ಆ ತರುಣ ಅಧಿಕಾರಿಯು ಕಣ್ಣೆತ್ತದೆ, ‘ಅಮ್ಮಾ, ಈಗ ಸರ್ವರ್ ಇಲ್ಲ, ತಾವು ದಯವಿಟ್ಟು ನಾಳೆ ಬನ್ನಿ’ ಎಂದನು. ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾದ ವಾಕ್ಯ. ಅವಳು ಬೆನ್ನು ತಿರುಗಿಸಿದೊಡನೆ ಪಕ್ಕದವನಿಗೆ ‘ಇಲ್ಲಿಯ ಜನ ವೆರಿ ರೂಡ್’ ಎಂಬ ಮಾತೂ ಬಂದಿತು. ಮರುದಿನ ಎರಡನೆಯ ಶನಿವಾರ. 2015ರಿಂದಲೂ ಆ ದಿನ ಬ್ಯಾಂಕುಗಳಿಗೆ ರಜೆಯೆಂಬುದು ಗೋಡೆಯ ಕ್ಯಾಲೆಂಡರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಅವಳಿಗೆ ಮಾತ್ರ ಗೊತ್ತಿರಲಿಲ್ಲ. ಹೊರಗೆ ಕಾದು ನಿಂತಿದ್ದ ವಡಾಪಿನವನು ಹೇಳದೆ ಹೋಗಿದ್ದರೆ, ಅವಳು ಮತ್ತೆ ಬಾಡಿಗೆ ತೆತ್ತು ಮುಚ್ಚಿದ ಬಾಗಿಲಿಗೆ ಬರುತ್ತಿದ್ದಳು. ಆ ವಿಶೇಷಣವು ಕಿಂಡಿಯ ಯಾವ ಪಕ್ಕಕ್ಕೆ ಸಲ್ಲಬೇಕಿತ್ತೆಂಬುದನ್ನು ಓದುಗರು ಬಲ್ಲರು. ಬಹುವಚನವನ್ನು ತೊಟ್ಟ ಅವಜ್ಞೆಯನ್ನು ಹಿಡಿಯುವುದು ಕಷ್ಟ. ಪುಣೆಯ ಮನೆಗಳ ಮುಂದಿನ ಸುಪ್ರಸಿದ್ಧ ಸೂಚನಾ ಪಾಟಿಗಳಲ್ಲಾದರೋ ಅದೊಂದು ಕಲೆಯೇ ಆಗಿದ್ದು, ಅಲ್ಲಿ ಮಾತು ಮೃದುವಾದಷ್ಟೂ ಕುಟುಕು ಆಳವಾಗುವುದು.

ಏಕವಚನವೆಲ್ಲವೂ ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ಇದೇ ಸೀಮೆಯಲ್ಲಿ, ಹೊಲದೊಡೆಯನ ಹನ್ನೆರಡು ವರ್ಷದ ಮಗನು ತನ್ನ ಅಜ್ಜನ ವಯಸ್ಸಿನ ದಲಿತ ಕೂಲಿಯವನನ್ನು ಬೋಳು ಹೆಸರಿನಿಂದ, ‘ಲೇ’ ಎಂದು ಕೂಗುವುದನ್ನು ಕಂಡಿದ್ದೇವೆ. ಆ ಮುದುಕನು ಹುಡುಗನಿಗೆ ಬಹುವಚನದಿಂದಲೇ ಓಗೊಡುವುದನ್ನೂ ಕಂಡಿದ್ದೇವೆ. ಬ್ಯಾಂಕಿನ ಮುದುಕಿಯ ‘ನೀ’ಕಾರದಲ್ಲಿ ‘ತಮ್ಮ’ನೆಂಬ ನಂಟಿದೆ, ಈ ‘ಲೇ’ಕಾರದಲ್ಲಿ ನಂಟಿನ ನಿರಾಕರಣೆಯಿದೆ. ಅಯ್ಯ ಎಂಬ ಕರೆಗೂ ಎಲವೋ ಎಂಬ ಕರೆಗೂ ನಡುವೆ ಸ್ವರ್ಗನರಕಗಳ ಅಂತರವನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಕಂಡಿದ್ದರು. ಶಾಸನವು ಬಹಳ ತಡವಾಗಿ ಇತ್ತ ಕಣ್ಣುಹಾಯಿಸಿ, ಪರಿಶಿಷ್ಟ ಜಾತಿ ಪಂಗಡಗಳವರನ್ನು ಹೀನೈಸುವ ಉದ್ದೇಶದಿಂದ ಸಾರ್ವಜನಿಕರ ಕಣ್ಣೆದುರಿನಲ್ಲಿ ಅವಮಾನಿಸುವುದನ್ನು 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅಪರಾಧವೆಂದು ಬರೆಯಿತು. ಕಾಯಿದೆಯೂ ಸರ್ವನಾಮವನ್ನು ಎಣಿಸುವುದಿಲ್ಲ, ಉದ್ದೇಶವನ್ನು ತೂಗುತ್ತದೆ. ಆದರೂ ಆ ಒಡೆಯನ ಮಗನನ್ನು ಯಾರಾದರೂ ‘ರೂಡ್’ ಎಂದುದನ್ನು ನಾನು ಕೇಳಿದವನಲ್ಲ.

ಏಕೆಂದರೆ ಈ ವಿಶೇಷಣಗಳು ನಮ್ಮಲ್ಲಿ ಸದಾ ಮೇಲಿನಿಂದ ಕೆಳಕ್ಕೇ ಹರಿಯುತ್ತವೆ. ‘ಇಂಪರ್ಟಿನೆಂಟ್’ ಎಂಬುದಂತೂ ಹುಟ್ಟಿದಾಗ ಪ್ರಸ್ತುತವಲ್ಲದ್ದು ಎಂದಷ್ಟೇ ಸೂಚಿಸುತ್ತಿದ್ದು, ಬರಬರುತ್ತ ತನ್ನ ಅಂತಸ್ತನ್ನು ಮೀರಿ ಮಾತಾಡಿದವನ ಮೇಲಿನ ಬೈಗುಳವಾಯಿತು. ಜವಾನನು ಸಾಹೇಬನಿಗೆ ಹಾಗೆನ್ನಲು ಆ ಶಬ್ದದ ರೂಢಿಯೇ ಎಡೆಗೊಡದು. 1911ರ ಡಿಸೆಂಬರಿನಲ್ಲಿ ದಿಲ್ಲಿಯ ದರಬಾರಿನಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರು ಐದನೆಯ ಜಾರ್ಜನಿಗೆ ಒಮ್ಮೆ ಮಾತ್ರ ತಲೆಬಾಗಿ ಬೆನ್ನು ತಿರುಗಿಸಿ ನಡೆದರೆಂದು ಬ್ರಿಟಿಷ್ ಪತ್ರಿಕೆಗಳು ಉರಿದೆದ್ದವು. ಮಹಾರಾಜರು ಕ್ಷಮಾಪಣೆಯ ಪತ್ರ ಬರೆಯಬೇಕಾಯಿತು. ಅದೇ ಕಾಲದಲ್ಲಿ ಭಾರತೀಯರನ್ನು ರೈಲಿನ ಡಬ್ಬಿಯಿಂದ ಹೊರದೂಡುತ್ತಿದ್ದ ಗೋರರಿಗೆ ಅದೇ ಪತ್ರಿಕೆಗಳು ಯಾವ ವಿಶೇಷಣವನ್ನೂ ಹುಡುಕುವ ಗೋಜಿಗೆ ಹೋಗಲಿಲ್ಲ.

ವಿಶೇಷಣವನ್ನು ಕೆಳಗಿನವರಿಗೇ ಅಂಟಿಸುವ ಈ ರೂಢಿಯು ಶಾಲೆಯಲ್ಲಿಯೇ ಮೊದಲಾಗುವುದರಿಂದ, ತಿದ್ದುಪಡಿಯೂ ಅಲ್ಲಿಂದಲೇ ಆಗಬಹುದು. ಇಂಗ್ಲಿಷ್ ಕಲಿಸುವ ಮಾಸ್ತರರು ‘ರೂಡ್’ ಶಬ್ದವನ್ನು ವಾಕ್ಯದಲ್ಲಿ ಪ್ರಯೋಗಿಸಿರೆಂದಾಗ, ಹುಡುಗನು ಗುರುಗಳೊಡನೆ ರೂಡ್ ಆಗಿದ್ದನು, ಸೊಸೆಯು ಅತ್ತೆಯೊಡನೆ ರೂಡ್ ಆಗಿದ್ದಳು ಎಂಬ ವಾಕ್ಯಗಳೇ ಸಾಲುಗಟ್ಟಿ ಬರುವುವು. ಕರ್ತೃಸ್ಥಾನದಲ್ಲಿ ಚಿಕ್ಕವರೇ, ದುರ್ಬಲರೇ. ಮಿರಜೆ ತಾಲೂಕಿನ ಮಾಸ್ತರರು ಒಂದು ದಿನ ಆ ಕರ್ತೃವನ್ನೂ ಕರ್ಮವನ್ನೂ ಅದಲುಬದಲು ಮಾಡಿ, ಮಾಸ್ತರನು ಹುಡುಗನೊಡನೆ, ತಲಾಠಿಯು ರೈತನೊಡನೆ, ಡಾಕ್ಟರನು ರೋಗಿಯೊಡನೆ ರೂಡ್ ಆಗಿದ್ದನೆಂದು ಹಲಗೆಯ ಮೇಲೆ ಬರೆಯಲಿ. ಮಕ್ಕಳು ನಕ್ಕರೆ ನಗಲಿ. ಏಕೆ ನಗು ಬಂತೆಂದು ಕೇಳಿ, ಆಮೇಲೆ ಪಾಠವನ್ನು ಮುಂದುವರಿಸಲಿ.